ಪಂಚಮಿಗೆ ಹೊರಟ ಸೆಲ್ಫ್ ಮೋಟಾರು

"ಇನ್ನು ಮುಂದ ಈ ಮನಿ ಮೋಟಾರಿಗೆ ಹೊರಗಿನವ್ರ ಕೈ ತಾಕಬಾರದು" ಎಂದು ನಾನು ಪ್ರತಿಜ್ಞೆ ಮಾಡಿದ ದಿನ ಆಷಾಢ ಮುಗಿಯಲು ಎರಡೇ ದಿನ ಉಳಿದಿತ್ತು. ಪ್ರತಿಜ್ಞೆ ಮಾಡುವಾಗ ನಾನು ಕಲ್ಯಾಣದಲ್ಲಿ ನಮ್ಮ ಮನೆಯ ಕಟ್ಟೆಯ ಮೇಲೆ ನಿಂತಿದ್ದೆ. ಎಡಗೈ ಸೊಂಟದ ಮೇಲಿತ್ತು, ಬಲಗೈ ಆಕಾಶದ ಕಡೆಗಿತ್ತು. ಕೇಳಲು ನಮ್ಮ ಅವ್ವ, ಅಣ್ಣ, ಹೆಂಡತಿ, ಹೆಂಡತಿಯ ತಮ್ಮ ಮತ್ತು ಎದುರು ಮನೆಯ ಎಮ್ಮೆ ಹಾಜರಿದ್ದರು. ತಲೆಯಾಡಿಸಿದ್ದು ಎಮ್ಮೆ ಮಾತ್ರ.

ಆ ಮೋಟಾರು ಎಂದರೆ ನಮ್ಮ ಮನೆಯ ವ್ಯಾನು. ಅಪ್ಪ ಬದುಕಿದ್ದಾಗ ಹರಾಜಿನಲ್ಲಿ ಹಿಡಿದದ್ದು. ಯಾವ ಕಂಪನಿಯದೆಂದು ಹೇಳುವ ಹಿತ್ತಾಳೆಯ ಹಲಗೆ ನಮ್ಮ ಕೈ ಸೇರುವ ಮೊದಲೇ ಉದುರಿಹೋಗಿತ್ತು. ಆದ್ದರಿಂದ ಯಾವ ಕಂಪನಿಯ ಮೇಲೂ ನನ್ನ ದೂರಿಲ್ಲ. ಹಿಂದೆ ಎರಡು ಬದಿಗೆ ಎರಡು ಹಲಗೆ ಬೆಂಚು, ಮೇಲೆ ತಗಡು. ವಾರದ ಆರು ದಿನ ಅದರಲ್ಲಿ ಪಕ್ಕದ ಹಳ್ಳಿ ಮೋರಖಂಡಿಯ ಮೆಣಸಿನಕಾಯಿ ಚೀಲಗಳು ಪೇಟೆಗೆ ಹೋಗುತ್ತಿದ್ದವು. ಏಳನೆಯ ದಿನ ಮನೆಮಂದಿಯೆಲ್ಲ ಅದರಲ್ಲಿ ಕೂತು, ಸೀನುತ್ತ, ಎಲ್ಲಿಗಾದರೂ ಹೋಗಿ ಬರುತ್ತಿದ್ದೆವು.

ಮೋಟಾರಿನ ದಂಧೆ ಅಣ್ಣ ವೈಜನಾಥನದು. ನನ್ನದು ಕಚೇರಿಯ ನೌಕರಿ. ಉರ್ದುವಿನಲ್ಲಿ ಬಂದ ಕಾಗದವನ್ನು ಉರ್ದುವಿನಲ್ಲೇ ಇನ್ನೊಂದು ಕಾಗದಕ್ಕೆ ಇಳಿಸುವುದು. ಬೆಳಗಿನಿಂದ ಸಂಜೆಯವರೆಗೆ ಬಲಗಡೆಯಿಂದ ಎಡಗಡೆಗೆ ಹೋಗುತ್ತಲೇ ಇರುತ್ತೇನೆ, ಹುದ್ದೆ ಮಾತ್ರ ಇದ್ದಲ್ಲೇ ಇದೆ. ಕನ್ನಡ ಅಕ್ಷರ ಕಲಿತದ್ದು ತಡವಾಗಿ. ನನ್ನ ಹೆಂಡತಿ ಶಕುಂತಲಾ ಹುಮನಾಬಾದಿನ ಮಠದ ಶಾಲೆಯಲ್ಲಿ ಕನ್ನಡ ಓದಿದವಳು. ಈ ಬರಹವೂ ಅವಳು ತಿದ್ದಿದ ಮೇಲೆಯೇ ನಿಮ್ಮ ಕೈಗೆ ಬಂದಿದೆ. ಕೆಲವು ಮಾತು ಅವಳಿಗೆ ಅನುಕೂಲವಾಗಿ ಕಂಡರೆ ಕಾರಣ ಅದೇ.

ಇನ್ನು ಸೆಲ್ಫಿನ ವಿಷಯ. ಸೆಲ್ಫ್ ಎಂದರೆ ಇಂಜಿನ್ನಿನ ಪಕ್ಕದಲ್ಲಿ ಮಗ್ಗುಲಾಗಿ ಮಲಗಿರುವ ಸಣ್ಣ ಬಿಜಲಿ ಯಂತ್ರ. ಗುಂಡಿ ಒತ್ತಿದರೆ ಅದು ಗರಗರ ತಿರುಗಿ, ತನ್ನ ಹಲ್ಲುಚಕ್ರದಿಂದ ಇಂಜಿನ್ನಿನ ದೊಡ್ಡ ಚಕ್ರವನ್ನು ತಿವಿದು ಎಬ್ಬಿಸಬೇಕು. ನಮ್ಮದು ಹೋಳಿಹುಣ್ಣಿಮೆಗೆ ಕೊನೆಯ ಸಲ ತಿರುಗಿತ್ತು. ಅಂದಿನಿಂದ ಅಣ್ಣ ಮೂತಿಗೆ ಕಬ್ಬಿಣದ ಹ್ಯಾಂಡಲ್ ಹಾಕಿ ಕೈಯಿಂದ ತಿರುಗಿಸುತ್ತಿದ್ದ. ಒಂದು ದಿನ ಹ್ಯಾಂಡಲೇ ಅವನನ್ನು ತಿರುಗಿಸಿತು. ಮುಂಗೈ ಮುರಿಯಿತು. ಅವನು ನಾರಾಯಣಪುರಕ್ಕೆ ಹೋಗಿ, ಎಲುಬು ಕೂಡಿಸುವವರಿಂದ ಬಿದಿರುದಬ್ಬೆ ಕಟ್ಟಿಸಿಕೊಂಡು ಬರುವುದರೊಳಗೆ ನಮ್ಮ ಅವ್ವ ತುಳಜಾಬಾಯಿ ಆ ಹ್ಯಾಂಡಲನ್ನು ಹಿತ್ತಲ ಬಾವಿಗೆ ಹಾಕಿ ಕೈ ತೊಳೆದುಕೊಂಡಿದ್ದಳು.

"ನನ್ನ ಮಗನ ಕೈ ಮುರದದ್ದು ನನ್ನ ಮನ್ಯಾಗ ಇರಬಾರದು."

"ಅವ್ವಾ, ಅದು ಇಲ್ಲಂದ್ರ ಮೋಟಾರ್ ಹ್ಯಾಂಗ ಚಾಲೂ ಮಾಡೂದು?"

"ಓಣ್ಯಾಗ ಮಂದಿ ಇಲ್ಲೇನು? ದಬ್ಬತಾರ."

ದಬ್ಬಿದರು. ದಿನಾ ಬೆಳಿಗ್ಗೆ ಚೀಲ ತುಂಬಿದ ಮೇಲೆ ನೆರೆಮನೆಯ ಬಂಡೆಪ್ಪ ಐದಾರು ಜನರನ್ನು ಕೂಡಿಸಿ ದಬ್ಬಿಸುತ್ತಿದ್ದ. ಅಣ್ಣನ ಕೈ ಮುರಿದ ಮೇಲೆ ಓಡಿಸುವವನು ನಾನೇ ಆದ್ದರಿಂದ, ಅವರು ಬೆವರು ಸುರಿಸುವಾಗ ಒಳಗೆ ಕೂತಿರುವವನೂ ನಾನೇ. ಪ್ರತಿಜ್ಞೆಯ ದಿನ ಬೆಳಿಗ್ಗೆ, ನಮ್ಮ ಕಚೇರಿಯ ಹಿರಿಯ ಗುಮಾಸ್ತರು ಅದೇ ದಾರಿಯಲ್ಲಿ ಬರುತ್ತಿದ್ದಾಗ, ಬಂಡೆಪ್ಪ ಬೆನ್ನು ನೆಟ್ಟಗೆ ಮಾಡಿ ಹೇಳಿದ್ದ: "ಸಾಬ್, ನಿಮ್ಮ ಕಚೇರ್ಯಾಗೂ ನಾಗಪ್ಪನ್ನ ಹಿಂಗೇ ದಬ್ಬಿ ಚಾಲೂ ಮಾಡ್ತೀರೇನ್ರಿ?" ಹಿರಿಯ ಗುಮಾಸ್ತರು ಕಚೇರಿ ಮುಟ್ಟುವವರೆಗೂ ನಕ್ಕರು. ಮುಟ್ಟಿದ ಮೇಲೆ ಉಳಿದವರಿಗೂ ಹೇಳಿದರು.

ಆ ಮಾತು ಇನ್ನೂ ಮೈಯಲ್ಲಿ ಚುಚ್ಚುತ್ತಿರುವಾಗಲೇ ಹೆಂಡತಿಯ ತಮ್ಮ ಶಿವರಾಜ ಹುಮನಾಬಾದಿನಿಂದ ಬಂದ. ಪಂಚಮಿಗೆ ಅಕ್ಕನನ್ನು ಕರೆದೊಯ್ಯಲು ಬಂದಿದ್ದ. ಶಕುಂತಲಾಗೆ ಮದುವೆಯಾದ ಮೇಲೆ ಎರಡು ಪಂಚಮಿ ತವರಿಲ್ಲದೆ ಕಳೆದಿದ್ದವು. ಒಂದು ವರ್ಷ ಅವ್ವನಿಗೆ ಜ್ವರ, ಇನ್ನೊಂದು ವರ್ಷ ನನಗೆ. ಈ ಸಲ ಮನೆಯಲ್ಲಿ ಅಣ್ಣನ ಕೈಯೊಂದು ಬಿಟ್ಟರೆ ಎಲ್ಲರೂ ಗಟ್ಟಿಯಾಗಿದ್ದರು. ಅವಳ ತಗಡಿನ ಟ್ರಂಕು ಅಟ್ಟದಿಂದ ಇಳಿದು, ನಡುಮನೆ ದಾಟಿ, ತಲಬಾಗಿಲ ಹತ್ತಿರ ಬಂದು ಕೂತಿತ್ತು.

"ಮಾಮಾರ, ನಾಳಿ ಬಸ್ಸಿಗೆ ಅಕ್ಕನ್ನ ಕರ್ಕೊಂಡು ಹೋಗ್ತೀನ್ರಿ" ಎಂದ ಶಿವರಾಜ.

"ಹೂಂ" ಎಂದಿದ್ದರೆ ಮುಗಿಯುತ್ತಿತ್ತು. ನಾನು ಕಟ್ಟೆ ಹತ್ತಿದೆ.

"ಬಸ್ಸಿಗೆ? ಮನಿ ಮುಂದ ಸ್ವಂತ ಮೋಟಾರ್ ನಿಂತಾಗ ನನ್ನ ಹೆಂಡತಿ ಬಸ್ಸಿಗೆ ಹೋಗಬೇಕೇನು? ನೀ ಹೋಗು ಶಿವರಾಜ. ಮುಂದಿನ ಬುಧವಾರ ಚೌತಿ. ಅವತ್ತ ನಾನೇ ಕರ್ಕೊಂಡು ಬರ್ತೀನಿ, ಸೆಲ್ಫ್ ಹಾಕಿದ ಮೋಟಾರಿನ್ಯಾಗ. ಗುಂಡಿ ಒತ್ತಿದ್ರ ಚಾಲೂ." ಇದಾದ ಮೇಲೆ ಪ್ರತಿಜ್ಞೆ, ಎಮ್ಮೆಯ ಅನುಮೋದನೆ.

ಶಿವರಾಜ ಅಕ್ಕನ ಮುಖ ನೋಡಿದ. ಅಕ್ಕ ಟ್ರಂಕಿನ ಮುಖ ನೋಡಿದಳು. ಚಹಾ ಕುಡಿದು ಅವನು ಮರುಬಸ್ಸಿಗೆ ಹೋದ. ಅವನು ಓಣಿ ತಿರುಗಿದ ಮೇಲೆ ಹೆಂಡತಿ ಒಳಗೆ ಕರೆದಳು.

"ಕರೀಲಿಕ್ಕೆ ಬಂದ ತಮ್ಮನ್ನ ಖಾಲಿ ಕೈಲೆ ಕಳಿಸಿದ್ರಿ."

"ಖಾಲಿ ಕೈಲೆ ಯಾಕ? ಚಾ ಕುಡಿಸಿ ಕಳಿಸೀನಿ."

"ಇನ್ನ ನಾ ಬಸ್ಸಿಗೂ ಹೋಗೂ ಹಾಂಗಿಲ್ಲ. ಕರಿಯಾಕ ಬಂದವ್ರನ್ನ ತಿರುಗಿಸಿ ಕಳಿಸಿ, ಆಮ್ಯಾಲ ನಾನೇ ಟ್ರಂಕ್ ಹಿಡ್ಕೊಂಡು ಇಳದ್ರ ನಮ್ಮ ತವರ ಓಣಿ ಮಂದಿ ಏನಂದಾರು? ಗಂಡನ ಮನ್ಯಾಗ ಜಗಳ ಆಡಿ ಬಂದಾಳ ಅಂತಾರ."

"ಅದಕ್ಕ ಮೋಟಾರಿನ್ಯಾಗ ಹೋಗೂದು."

"ಮೋಟಾರ್ ಆಗಲಿಲ್ಲಂದ್ರ?"

"ಆಗ್ತದ."

"ಆಗಲಿಲ್ಲಂದ್ರ ಈ ಪಂಚಮೀನೂ ಹೋತು. ಮೂರಾದ್ವು" ಎಂದು ಅವಳು ಟ್ರಂಕನ್ನು ತಲಬಾಗಿಲಿನಿಂದ ನಡುಮನೆಗೆ ಎಳೆದಳು. ಅಲ್ಲಿಂದ ಮುಂದೆ ಅವಳು ನನ್ನ ಮೇಲೆ ಇಟ್ಟಿರುವ ಭರವಸೆ ಎಷ್ಟೆಂಬುದನ್ನು ನಾನು ಆ ಟ್ರಂಕು ನಿಂತ ಜಾಗ ನೋಡಿಯೇ ತಿಳಿದುಕೊಳ್ಳುತ್ತಿದ್ದೆ.

ಅದೇ ಸಂಜೆ ಅಣ್ಣ ಕಟ್ಟೆಯ ಮೇಲಿಂದ ಒಂದೇ ಕೈಯಲ್ಲಿ ತೋರಿಸುತ್ತ ಹೋದ, ನಾನು ಎರಡು ಬೋಲ್ಟು ಬಿಚ್ಚಿ ಕೆಟ್ಟ ಸೆಲ್ಫನ್ನು ಹೊರಗೆ ತೆಗೆದೆ. ಮರುದಿನ ಶುಕ್ರವಾರ, ಕಚೇರಿಗೆ ವಾರದ ರಜೆ. ಅದನ್ನು ಟಾವೆಲಿನಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ಹುಮನಾಬಾದಿಗೆ ಹೋದೆ. ಪಕ್ಕದಲ್ಲಿದ್ದ ಮುದುಕಿಯೊಬ್ಬಳು ಟಾವೆಲು ಸರಿಸಿ ಮುಖ ನೋಡಲು ಹೋಗಿ ಗಾಬರಿಯಾದಳು.

ಹುಮನಾಬಾದಿನಲ್ಲಿ ಬಸ್ಸು ಇಳಿದವನಿಗೆ ಮೊದಲು ಸಿಕ್ಕವನೇ ಶಿವರಾಜ. ಅವರ ಕಿರಾಣಿ ಅಂಗಡಿ ಅಲ್ಲೇ.

"ಮಾಮಾರ, ಚಲೋ ಆತು ಸಿಕ್ಕಿದ್ರಿ. ಅಪ್ಪಾರು ಮನಿ ಮುಂದಿನ ಬೇವಿನ ಕೊಂಬಿ ಕಡಿಸ್ಯಾರ."

"ಯಾಕ?"

"ನಿಮ್ಮ ಮೋಟಾರ್ ನಿಂದ್ರಲಿಕ್ಕ ಜಾಗಾ ಬೇಕಲ್ರಿ. ಮ್ಯಾಲ ತಗಡಿಗೆ ಬಡೀತಿತ್ತು. ಓಣ್ಯಾಗ ಎಲ್ಲಾರಿಗೂ ಹೇಳ್ಯಾರ, ಚೌತಿ ದಿನ ಅಳಿಯ ಸೆಲ್ಫ್ ಮೋಟಾರ್ ತರ್ತಾನ ಅಂತ."

ನಾನು ಸೆಲ್ಫನ್ನು ಎದೆಗೆ ಇನ್ನಷ್ಟು ಬಿಗಿಯಾಗಿ ಅಪ್ಪಿಕೊಂಡೆ.

ಗಯಾಸುದ್ದೀನ್ ಮಿಸ್ತ್ರಿಯ ಮೋಟಾರು ರಿಪೇರಿ ಅಂಗಡಿ ಎಂದರೆ ಒಂದು ಹುಣಸೆ ಮರ, ಅದರ ಕೆಳಗೆ ನಾಲ್ಕಾರು ಪೆಟ್ರೋಲ್ ಡಬ್ಬ, ಬದುಕಿ ಮುಗಿಸಿದ ಎರಡು ಲಾರಿ. ಮಿಸ್ತ್ರಿ ನಮ್ಮ ಸೆಲ್ಫಿನ ಮುಚ್ಚಳ ತೆಗೆದು ಮೂಸಿ ನೋಡಿದ.

"ಒಳಗಿನ ತಂತಿ ಸುಟ್ಟು ಖಾಕ್ ಆಗ್ಯದ್ರಿ ಮುನ್ಷಿ ಸಾಬ್. ಹೊಸಾದು ಬೇಕಂದ್ರ ಬೊಂಬಾಯಿಯಿಂದ ಬರಬೇಕು. ಲಡಾಯಿ ಶುರು ಆದಾಗಿಂದ ಮಾಲೇ ಇಲ್ಲ. ಆದ್ರ ಫಿಕರ್ ಮಾಡಬ್ಯಾಡ್ರಿ. ನನ್ನ ಹತ್ರ ಈ ಲಾರೀದು ಒಂದದ. ಇದರ ತಂತಿ ಚಲೋ ಅದ, ಗರಾರಿ ಸವದಿತ್ತು, ಅದನ್ನೆಲ್ಲಾ ಬಿಚ್ಚಿ ಒಗದೀನಿ. ನಿಮ್ದು ಗರಾರಿ ಚಲೋ ಅದ, ತಂತಿ ಖಾಕ್. ನಿಮ್ಮ ಗರಾರಿ ಬಿಚ್ಚಿ ಇದಕ್ಕ ಹಾಕಿದ್ರ ಎರಡು ಮುರುಕ ಕೂಡಿ ಒಂದು ಸಾಬೂತ್ ಆಗ್ತದ."

ಗರಾರಿ ಎಂದರೆ ನಾನು ಹೇಳಿದ ಆ ಹಲ್ಲುಚಕ್ರ.

"ಹಾಕಿ ಕೊಡ್ರಿ."

"ಈಗ ನಮಾಜಿಗೆ ಹೊಂಟೀನಿ. ಒಂದು ತಾಸು ಕೂತ್ಕೋರಿ, ಬಂದು ನಾನೇ ಹಾಕಿ ಕೊಡ್ತೀನಿ. ಅರ್ಧಾ ತಾಸಿನ ಕೆಲಸ."

ಇಲ್ಲಿಯೂ "ಹೂಂ" ಎಂದಿದ್ದರೆ ಮುಗಿಯುತ್ತಿತ್ತು. ಆದರೆ ಕಲ್ಯಾಣದ ಬಸ್ಸು ಹೊರಟು ನಿಂತಿತ್ತು. ನಿಜ ಹೇಳಬೇಕೆಂದರೆ ಅದು ಕಾರಣವಲ್ಲ. ಮಿಸ್ತ್ರಿ ಹಾಕಿಕೊಟ್ಟರೆ ಹಾಕಿದವನು ಮಿಸ್ತ್ರಿಯಾಗುತ್ತಾನೆ. ಬಂಡೆಪ್ಪನ ಎದುರು ನಿಂತು "ಸೆಲ್ಫ್ ನಾನೇ ಕೂಡಿಸೀನಿ" ಎನ್ನಲು ನನಗೆ ಏನು ಉಳಿಯುತ್ತದೆ? ಎರಡು ಬೋಲ್ಟು ಬಿಚ್ಚಿದ ಕೈ ಆಗಲೇ ಇಂಜಿನಿಯರನ ಕೈಯಾಗಿತ್ತು.

"ಹ್ಯಾಂಗ ಹಾಕೂದು ಹೇಳ್ರಿ ಸಾಕು. ನಾ ಹಾಕ್ಕೊಂತೀನಿ."

ಮಿಸ್ತ್ರಿ ನನ್ನ ಉಗುರುಗಳನ್ನು ನೋಡಿದ. ಅವುಗಳಲ್ಲಿ ಮಸಿ ಇತ್ತು, ಆದರೆ ಅದು ದೌತಿಯ ಮಸಿ.

"ಇದರಾಗ ದೊಡ್ಡ ಇಲಮ್, ವಿದ್ಯಾ ಏನಿಲ್ರಿ. ಐದು ಸಾಮಾನು ಅವ. ಬಿಚ್ಚಿದ್ದನ್ನ ಬಿಚ್ಚಿದ ಸಿಲ್ಸಿಲಾದಾಗ ಒಂದು ಅರಿವಿ ಮ್ಯಾಲ ಸಾಲಿಗೆ ಇಡ್ರಿ. ಹಾಕುವಾಗ ಕೊನೀದ್ರಿಂದ ಶುರು ಮಾಡಿ ಹಿಂದಕ್ಕ ಬರ್ರಿ. ಕೊನಿಗೆ ಬಿಚ್ಚಿದ್ದು ಮೊದಲು ಕೂಡಬೇಕು. ಇಷ್ಟೇ."

ಇಷ್ಟೇ ಎಂದು ನಾನೂ ಅಂದುಕೊಂಡೆ. ಎರಡೂ ಸೆಲ್ಫ್ ಹೊತ್ತು ಮನೆಗೆ ಬಂದು ಬೇವಿನ ಕೊಂಬೆಯ ಸುದ್ದಿಯನ್ನು ಹೆಮ್ಮೆಯಿಂದ ಹೇಳಿದೆ. ಹೆಂಡತಿ ರೊಟ್ಟಿ ಬಡಿಯುವುದನ್ನು ನಿಲ್ಲಿಸಿದಳು.

"ಬಾಗಲ ಕಡೀ ಕೊಂಬಿನಾ?"

"ಅದೇ. ನನ್ನ ಮೋಟಾರಿನ ಸಲುವಾಗಿ."

"ಪ್ರತಿ ವರ್ಷ ಜೋಕಾಲಿ ಕಟ್ಟೂದು ಅದಕ್ಕ."

ಆ ರಾತ್ರಿ ಟ್ರಂಕು ಮತ್ತೆ ಅಟ್ಟ ಹತ್ತಿತು.

ಶನಿವಾರದಿಂದ ಮಂಗಳವಾರದವರೆಗೆ ಶ್ರಾವಣದ ಮಳೆ. ಮೋಟಾರು ಅಂಗಳದಲ್ಲಿ ನೆನೆಯುತ್ತ ನಿಂತಿತು. ಸೆಲ್ಫುಗಳೆರಡೂ ನಡುಮನೆಯಲ್ಲಿ ನೆಂಟರಂತೆ ಮಲಗಿದ್ದವು. ಬುಧವಾರ ಬಿಸಿಲು ಬಿತ್ತು. ನಾನು ಕಚೇರಿಗೆ ರಜೆ ಹಾಕಿದೆ. ಅಣ್ಣ ದಬ್ಬೆ ಬಿಗಿ ಮಾಡಿಸಿಕೊಳ್ಳಲು ನಸುಕಿನಲ್ಲೇ ನಾರಾಯಣಪುರಕ್ಕೆ ಹೋಗಿದ್ದ. ಒಳ್ಳೆಯದೇ ಆಯಿತು ಎನಿಸಿತು. ಇಂಥ ಕೆಲಸಕ್ಕೆ ಏಕಾಂತ ಬೇಕು.

ಕಚೇರಿಗೆ ಉಡುವ ಬಿಳಿ ಧೋತರವನ್ನು ಅಂಗಳದಲ್ಲಿ ಹಾಸಿದೆ. ಹಳೆಯ ಸೆಲ್ಫಿನ ದಂಡದಿಂದ ಒಂದೊಂದೇ ಸಾಮಾನು ಬಿಚ್ಚಿದೆ: ಮೊದಲು ಬಿಗಿಯುಂಗುರ, ಆಮೇಲೆ ತೆಳು ಬಿಲ್ಲೆ, ಗರಾರಿ, ಸುರುಳಿ ಸ್ಪ್ರಿಂಗು, ಕೊನೆಗೆ ದಪ್ಪ ಬಿಲ್ಲೆ. ಬಿಚ್ಚಿದ ಕ್ರಮದಲ್ಲೇ ಧೋತರದ ಮೇಲೆ ಸಾಲಾಗಿ ಇಟ್ಟೆ. ಸಾಲು ಎಷ್ಟು ನೇರವಾಗಿತ್ತೆಂದರೆ ನಮ್ಮ ಕಚೇರಿಯ ರಿಜಿಸ್ಟರಿನಲ್ಲಿಯೂ ಅಂಥದನ್ನು ನೀವು ಕಾಣಲಾರಿರಿ. ಆಮೇಲೆ ಲಾರಿಯ ಸೆಲ್ಫನ್ನು ಎತ್ತಿಕೊಂಡು, ಮೋಟಾರಿನ ಕಬ್ಬಿಣದ ಪಾವಟಿಗೆಗೆ ಒತ್ತಿ, ಎರಡು ಮೊಣಕಾಲುಗಳ ನಡುವೆ ಹಿಡಿದು ಕೂತೆ. ಧೋತರ ಬೆನ್ನ ಹಿಂದೆ ಉಳಿಯಿತು.

ಹೈದರಾಬಾದಿನ ದೊಡ್ಡ ಡಾಕ್ಟರರು ಹೊಟ್ಟೆ ಕೊಯ್ಯುವಾಗ ತಿರುಗಿ ನೋಡುವುದಿಲ್ಲವಂತೆ. ಕೈ ಹಿಂದೆ ಚಾಚಿದರೆ ಸಾಕು, ಬೇಕಾದ ಕತ್ತರಿ ಬಂದು ಕೂರುತ್ತದಂತೆ. ಇದನ್ನು ಕಚೇರಿಯಲ್ಲಿ ಯಾರೋ ಹೇಳಿದ ದಿನದಿಂದ ಒಮ್ಮೆಯಾದರೂ ಹಾಗೆ ಕೈ ಚಾಚಬೇಕೆಂಬ ಆಸೆ ನನಗಿತ್ತು.

"ಬಾ ಇಲ್ಲಿ. ಧೋತರದ ಹತ್ರ ಕೂಡು. ನಾ ಕೇಳಿದ್ದು ಕೊಡು."

ಶಕುಂತಲಾ ಬಂದು ಕೂತಳು. ನಾನು ಕೈ ಹಿಂದೆ ಚಾಚಿದೆ.

"ಕೊನೀದು."

"ಕೊನೀದಾ?"

"ಕೊನೀದ್ರಿಂದ ಶುರು ಮಾಡಿ ಒಂದೊಂದ ಹಿಂದಕ್ಕ ಬಾ. ಮಿಸ್ತ್ರಿ ಹಾಂಗ ಹೇಳ್ಯಾನ."

"ಒಮ್ಮೆ ತಿರುಗಿ ನೋಡ್ರಿ, ಇದೇನು?"

"ನೋಡೂದಿಲ್ಲ. ಕೊಡು."

ಅಂಗೈಯಲ್ಲಿ ಬಿಗಿಯುಂಗುರ ಬಂದು ಬಿತ್ತು. ಇದು ಇಷ್ಟು ಬೇಗ ಬರಬೇಕಿತ್ತೇ ಎಂದು ಒಂದು ಕ್ಷಣ ಅನಿಸಿತು. ಆದರೆ ಸಂಶಯ ಪಡುವುದು ದೊಡ್ಡ ಡಾಕ್ಟರರ ಲಕ್ಷಣವಲ್ಲ. ದಂಡಕ್ಕೆ ತೂರಿಸಿ, ಬುಡದವರೆಗೆ ಬಡಿದು ಕೂರಿಸಿದೆ. ತೆಳು ಬಿಲ್ಲೆ ಬಂತು, ಕೂರಿಸಿದೆ. ಗರಾರಿ ಬಂತು. ಸ್ಪ್ರಿಂಗು ಬಂತು. ದಪ್ಪ ಬಿಲ್ಲೆ ಬಂತು. ಕೈ ಚಾಚಿದೆ.

"ಮುಗೀತ್ರಿ" ಎಂದಳು.

ಮುಗಿದದ್ದೇನೋ ಸರಿ. ಆದರೆ ಎಲ್ಲವೂ ದಂಡದ ತುದಿಯಿಂದ ಜಾರಿ ಹೊರಗೆ ಬರುತ್ತಿದ್ದವು. ಹಿಡಿದಿಡಲು ಏನೂ ಉಳಿದಿರಲಿಲ್ಲ. ಮಿಸ್ತ್ರಿ ಒಂದು ಸಾಮಾನು ಹೇಳಲು ಮರೆತಿರಬೇಕು ಎಂದು ತೀರ್ಮಾನಿಸಿದೆ. ಅವ್ವ ಅರಿವೆ ಒಣಹಾಕುವ ತಂತಿಯಿಂದ ಗೇಣುದ್ದ ಕತ್ತರಿಸಿ ತುದಿಗೆ ಎಂಟು ಸುತ್ತು ಸುತ್ತಿದೆ. ಉಳಿದ ತಂತಿ ಒದ್ದೆ ಸೀರೆಗಳ ಸಮೇತ ಕೆಸರಿಗೆ ಬಿತ್ತು. ಅವ್ವ ಏನೇನೋ ಅಂದಳು. ಕೆಲಸದಲ್ಲಿ ಮುಳುಗಿದ್ದರಿಂದ ನಾನು ಕೇಳಿಸಿಕೊಳ್ಳಲಿಲ್ಲ.

ಸೆಲ್ಫನ್ನು ಜಾಗಕ್ಕೆ ಕೂರಿಸಿ, ಎರಡು ಬೋಲ್ಟು ಬಿಗಿದು, ತಂತಿ ಜೋಡಿಸಿದೆ. ಟ್ರಂಕು ಹೊರಗೆ ಬಂತು. ಹೆಂಡತಿ ಹೊಸ ಸೀರೆ ಉಟ್ಟಳು. ಅಷ್ಟರಲ್ಲಿ ಅಣ್ಣನೂ ನಾರಾಯಣಪುರದಿಂದ ಬಂದು ಕಟ್ಟೆಯ ಮೇಲೆ ಕೂತ. ನಾನು ಒಳಗೆ ಕೂತು ಬಲಗೈಯ ಹೆಬ್ಬೆರಳಿನಿಂದ ಗುಂಡಿ ಒತ್ತಿದೆ.

ಗುಂಯ್ ಎಂದು ಎಂಥ ನಾದ ಹೊರಟಿತೆಂದರೆ ಎದುರು ಮನೆಯ ಎಮ್ಮೆ ಎದ್ದು ನಿಂತಿತು. ಸೆಲ್ಫ್ ತಿರುಗುತ್ತಿತ್ತು. ನಾಲ್ಕು ತಿಂಗಳು ಸತ್ತಿದ್ದ ಸೆಲ್ಫ್, ನನ್ನ ಕೈಯಿಂದ, ತಿರುಗುತ್ತಿತ್ತು. ಇಂಜಿನ್ನು ಮಾತ್ರ ಅಲುಗಲಿಲ್ಲ.

ಅಣ್ಣ ತಲೆ ವಾಲಿಸಿ ಆಲಿಸಿದ. "ಸೆಲ್ಫ್ ಏನೋ ಚಾಲೂ ಆಗ್ಯದ ನಾಗ್ಯಾ. ಇಂಜಿನ್ನಿಗೆ ಇನ್ನೂ ಸುದ್ದಿ ಮುಟ್ಟಿಲ್ಲ."

ಮತ್ತೆ ಒತ್ತಿದೆ. ಗುಂಯ್. ಇನ್ನೊಮ್ಮೆ. ಗುಂಯ್.

"ಬಿಚ್ಚಿ ನೋಡು" ಎಂದ ಅಣ್ಣ.

"ಬಿಚ್ಚೂದು ಯಾಕ? ಎಲ್ಲಾ ಸಿಲ್ಸಿಲಾ ಪ್ರಕಾರ ಹಾಕೀನಿ."

"ನೋಡಿದ್ರ ಏನಾಗ್ತದ?"

"ಹೊತ್ತಾಗ್ತದ."

ಹೊತ್ತು ನಿಜವಾಗಿಯೂ ಆಗಿತ್ತು. ಹೆಂಡತಿ ಟ್ರಂಕಿನ ಮೇಲೆ ಕೂತು ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಏನಾದರೂ ಅಂದಿದ್ದರೆ ಜಗಳವಾಡಬಹುದಿತ್ತು. ಮೂರನೆಯ ಪಂಚಮಿ ಅಂಗಳದಿಂದ ಎದ್ದು ಹೋಗುತ್ತಿರುವುದು ನನಗೂ ಕಾಣುತ್ತಿತ್ತು. ನಾನು ಮೋಟಾರಿನಿಂದ ಇಳಿದು, ಬೇಲಿಯಾಚೆ ಮುಖ ಮಾಡಿ, ಬಂಡೆಪ್ಪನನ್ನು ಕರೆದೆ.

ಬಂಡೆಪ್ಪ ಐದು ಜನರ ಜೊತೆ ಬಂದ.

"ಸೆಲ್ಫ್ ಹಾಕೀರಿ ಅಂದ್ರಲ್ಲ?"

"ಹಾಕೀನಿ."

"ಮತ್ತ ದಬ್ಬೂದು ಯಾಕ?"

"ಹಳೇ ಲಾರೀದು. ಹೊಸ ಮನಿಗೆ ಇನ್ನೂ ಹೊಂದ್ಕೊಂಡಿಲ್ಲ."

"ಹೊಂದ್ಕೊಳ್ಳಿಕ್ಕೆ ಅದನ್ನೂ ತವರಮನಿಗೆ ಕಳಿಸಬೇಕೇನೋ" ಎಂದಳು ಅವ್ವ, ಕೆಸರಾದ ಸೀರೆ ಹಿಂಡುತ್ತ.

ಇಪ್ಪತ್ತು ಹೆಜ್ಜೆ ದಬ್ಬುವುದರೊಳಗೆ ಇಂಜಿನ್ನು ಹತ್ತಿತು. ಅಣ್ಣ ಕಟ್ಟೆಯ ಮೇಲಿಂದಲೇ ಕೂಗಿದ: "ಹುಮನಾಬಾದ ಮುಟ್ಟೂತನಕ ಎಲ್ಲೂ ಬಂದ್ ಮಾಡಬ್ಯಾಡ!"

ಮಾಡಲಿಲ್ಲ. ಇಪ್ಪತ್ತು ಚಿಲ್ಲರೆ ಮೈಲಿ ನಿಲ್ಲಿಸದೆ ಓಡಿಸಿದೆ. ದಾರಿಯಲ್ಲಿ ಹೆಂಡತಿಗೆ ನೀರಡಿಕೆಯಾಯಿತು, ನಿಲ್ಲಿಸಲಿಲ್ಲ. ಅವಳ ತವರಿನ ಪರಿಚಯದವರು ಯಾರೋ ಗಾಡಿಯಿಂದ ಕೈಬೀಸಿದರು, ನಿಲ್ಲಿಸಲಿಲ್ಲ. ಟ್ರಂಕು ಒಮ್ಮೆ ಬೆಂಚಿನಿಂದ ಬಿದ್ದು ಬಾಯಿ ತೆರೆಯಿತು, ಆಗಲೂ ನಿಲ್ಲಿಸಲಿಲ್ಲ. ಶಕುಂತಲಾ ಚಲಿಸುವ ಮೋಟಾರಿನಲ್ಲೇ ಸೀರೆಗಳನ್ನು ಆರಿಸಿ ತುಂಬಿದಳು. ಆದರೂ ಹುಮನಾಬಾದಿನ ಗಿಡಗಳು ಕಾಣಿಸಿದಾಗ ಅವಳ ಮುಖ ನೋಡಬೇಕಿತ್ತು. ನನಗೆ ನೋಡಲು ಆಗಲಿಲ್ಲ, ದಾರಿ ನೋಡಬೇಕಿತ್ತು.

ಮಾವನವರ ಓಣಿಯಲ್ಲಿ ಜನ ಕಟ್ಟೆಗಳ ಮೇಲೆ ಸಾಲಾಗಿ ನಿಂತಿದ್ದರು. ಕೊಂಬೆ ಕಡಿದ ಬೇವಿನ ಬುಡದ ಪಕ್ಕದಲ್ಲಿ ಮೋಟಾರು ನಿಲ್ಲಲು ರಂಗೋಲಿಯನ್ನೂ ಹಾಕಿದ್ದರು. ನಾನು ಅದರ ಮೇಲೆ ನಿಲ್ಲಿಸಿದೆ. ಅತ್ತೆಯವರು ಮಗಳ ಕೈಕಾಲಿಗೆ ನೀರು ಕೊಟ್ಟು ಒಳಗೆ ಕರೆದುಕೊಂಡರು. ಮಾವನವರು ನನ್ನ ಕಡೆ ಬಂದರು.

"ಇಳೀರಿ ಅಳಿಯಾರ."

ಇಳಿಯುವುದು ಹೇಗೆ? ಇಳಿಯಬೇಕಾದರೆ ಇಂಜಿನ್ನು ಬಂದ್ ಮಾಡಬೇಕು. ಬಂದ್ ಮಾಡಿದರೆ ಮತ್ತೆ ಚಾಲೂ ಮಾಡಲು ಇದೇ ಓಣಿಯವರು ದಬ್ಬಬೇಕು. ಸೆಲ್ಫ್ ಮೋಟಾರು ನೋಡಲು ಬಂದ ಓಣಿ.

"ಇರಲ್ರಿ. ಮಷೀನ್ ಸ್ವಲ್ಪ ಬೆಚ್ಚಗ ಇರಬೇಕ್ರಿ."

"ಬ್ಯಾಸಗಿ ಇದ್ದಾಂಗ ಬಿಸಲ ಬಿದ್ದದಲ್ರಿ."

"ಒಳಗಿನಿಂದ ಬೆಚ್ಚಗ ಇರಬೇಕ್ರಿ."

ಮಾವನವರು ಗೌರವದಿಂದ ತಲೆಯಾಡಿಸಿದರು. ನನಗೆ ತಟ್ಟೆ ಹೊರಗೇ ಬಂತು. ಶೇಂಗಾದ ಉಂಡಿ, ಎಳ್ಳಿನ ಉಂಡಿ, ಜೋಳದ ಅಳ್ಳು. ಅದುರುವ ಸ್ಟೇರಿಂಗ್ ಚಕ್ರದ ಮೇಲೆ ತಟ್ಟೆ ಇಟ್ಟುಕೊಂಡು ತಿಂದೆ. ಅಳ್ಳುಗಳು ತಾವಾಗಿಯೇ ತಟ್ಟೆಯಲ್ಲಿ ಕುಣಿಯುತ್ತಿದ್ದವು. ಒಳಗಿನಿಂದ ಅವಳ ಗೆಳತಿಯರ ನಗು ಕೇಳುತ್ತಿತ್ತು. ಒಂದು ತಾಸಾದ ಮೇಲೆ ಶಕುಂತಲಾ ನೀರಿನ ತಂಬಿಗೆ ತಂದಳು.

"ಎಷ್ಟೊತ್ತು ಹಿಂಗ ಕೂಡ್ತೀರಿ?"

"ನೀ ಎಷ್ಟು ದಿನ ಇರ್ತಿ?"

"ಐದು ದಿನ."

ನಾನು ತಂಬಿಗೆ ಎತ್ತಿ ನೀರು ಕುಡಿದೆ. ಅವಳು ಖಾಲಿ ತಂಬಿಗೆ ಒಯ್ದಳು.

ಇನ್ನೊಂದು ತಾಸಿಗೆ ಇಂಜಿನ್ನು ಎರಡು ಸಲ ಕೆಮ್ಮಿ ತಾನಾಗಿಯೇ ನಿಂತಿತು. ಪೆಟ್ರೋಲು ತೀರಿತ್ತು. ಓಣಿ ಒಮ್ಮೆಲೇ ಶಾಂತವಾಯಿತು. ಕಟ್ಟೆಯ ಮೇಲಿನವರೆಲ್ಲ ಇಳಿದು ಬಂದು ಸುತ್ತ ನಿಂತರು, ಗುಂಡಿ ಒತ್ತುವುದನ್ನು ನೋಡಲು.

ಒತ್ತಿದೆ. ಗುಂಯ್.

"ಆವಾಜ್ ಭಾಳ ಚಲೋ ಅದ್ರಿ" ಎಂದರು ಮಾವನವರು.

"ಸೆಲ್ಫಿಂದು ಏನೂ ಇಲ್ರಿ. ಪೆಟ್ರೋಲ್ ಮುಗದದ." ಇದನ್ನು ಹೇಳುವಾಗ ನನ್ನ ಮನಸ್ಸಿಗೆ ಎಂಥ ಸಮಾಧಾನವಾಯಿತು ಎಂದರೆ, ಪೆಟ್ರೋಲು ತೀರುವುದರಲ್ಲಿ ಇಷ್ಟು ಮರ್ಯಾದೆ ಇದೆ ಎಂದು ಮೊದಲೇ ಗೊತ್ತಿದ್ದರೆ ಕಲ್ಯಾಣದಲ್ಲೇ ತೀರಿಸಿಕೊಂಡಿರುತ್ತಿದ್ದೆ. ಐದು ದಿನ ಮೋಟಾರು ರಂಗೋಲಿಯ ಮೇಲೆ ಗೌರವವಾಗಿ ನಿಲ್ಲಬಹುದು. ನಾನು ಇಳಿದು, ಕಾಲು ತೊಳೆದು, ಮೊದಲ ಸಲ ಅಳಿಯನಂತೆ ಕಂಬಳಿಯ ಮೇಲೆ ಕೂತೆ.

ಆದರೆ ಮಾವನವರು ಒಳ್ಳೆಯವರು. ಅಳಿಯನಿಗೆ ತ್ರಾಸಾಗಬಾರದೆಂದು ಕೂಡಲೇ ಶಿವರಾಜನನ್ನು ಪೆಟ್ರೋಲಿಗೆ ಓಡಿಸಿದ್ದರು. ಡಬ್ಬ ಬಂತು. ಡಬ್ಬದ ಹಿಂದೆ ಡಬ್ಬದ ಯಜಮಾನ ಗಯಾಸುದ್ದೀನ್ ಮಿಸ್ತ್ರಿಯೂ ಬಂದ.

"ಮುನ್ಷಿ ಸಾಬ್, ಸೆಲ್ಫ್ ಹಾಕಿದ್ರಿ ಅಂತಲ್ಲ. ನೋಡೂನು ಅಂತ ಬಂದೆ."

ಪೆಟ್ರೋಲು ಹಾಕಿಯಾಯಿತು. ಅವನೇ ಗುಂಡಿ ಒತ್ತಿದ. ಗುಂಯ್. ಅವನ ಮುಖದ ನಗು ನಿಂತಿತು.

"ಇದು ನಾ ಕೊಟ್ಟ ಸೆಲ್ಫೇನ್ರಿ?"

ಐದು ನಿಮಿಷದಲ್ಲಿ ಅದನ್ನು ಬಿಚ್ಚಿ ಕೈಯಲ್ಲಿ ಹಿಡಿದಿದ್ದ. ಮಾವನವರು, ಶಿವರಾಜ, ಓಣಿಯವರು, ಬಾಗಿಲಲ್ಲಿ ಹೆಂಗಸರು, ಎಲ್ಲರೂ ನೋಡುತ್ತಿದ್ದರು.

"ಈ ತಂತಿ ಯಾರು ಸುತ್ತಿದ್ರು?"

"ನಾನು."

"ಯಾಕ್ರಿ?"

"ಹಿಡಿಯಾಕ ಏನೂ ಉಳಿದಿರ್ಲಿಲ್ಲ."

ಅವನು ತಂತಿ ಬಿಡಿಸಿ, ಒಂದೊಂದನ್ನೇ ತೆಗೆದು ನೋಡಿದ. "ಸಿಲ್ಸಿಲಾ ಪೂರಾ ಉಲ್ಟಾ. ಗರಾರಿ ಬುಡದಾಗ ಕುಂತದ, ಇಂಜಿನ್ನಿನ ಚಕ್ರಕ್ಕ ಇದರ ಹಲ್ಲು ಮುಟ್ಟೂದೇ ಇಲ್ಲ. ಕೊನೀದ್ರಿಂದ ಹಾಕ್ರಿ ಅಂದಿದ್ನಲ್ಲ?"

ನಾನು ಗಂಡಸರು ಇಂಥ ಸಮಯದಲ್ಲಿ ಮಾಡುವುದನ್ನೇ ಮಾಡಿದೆ. "ಹಾಂಗೇ ಹೇಳಿದ್ದೆ. ಕೊಟ್ಟಾಕಿ ಇವಳು."

ಶಕುಂತಲಾ ಬಾಗಿಲಿನಿಂದ ಹೊರಗೆ ಬಂದಳು. "ಕೊನೀದು ಕೊಡು ಅಂದ್ರು. ಕೊನೀದೇ ಕೊಟ್ಟೆ."

"ಕೊನೀದು ಯಾವುದು ಬೇಟಿ?"

ಮಿಸ್ತ್ರಿ ಐದು ಸಾಮಾನನ್ನು ಕಟ್ಟೆಯ ಮೇಲೆ, ನಾನು ಧೋತರದ ಮೇಲೆ ಇಟ್ಟಂತೆಯೇ, ಉಂಗುರವನ್ನು ಬಲತುದಿಗೆ ಇಟ್ಟು ಎಡಕ್ಕೆ ಸಾಲು ಮಾಡಿದ್ದ. ಅವಳು ಬಲತುದಿಯ ಉಂಗುರಕ್ಕೆ ಬೆರಳಿಟ್ಟಳು. ನಾನು ಎಡತುದಿಯ ದಪ್ಪ ಬಿಲ್ಲೆಗೆ ಬೆರಳಿಟ್ಟೆ. ಒಂದೇ ಸಾಲು. ಇಬ್ಬರ ಬೆರಳ ನಡುವೆ ಒಂದು ಮೊಳ ಅಂತರ.

"ಓದೂದು ಇಲ್ಲಿಂದ ಅಲ್ಲಿಗೆ ಅಲ್ಲೇನು?" ಎಂದಳು ಅವಳು, ಎಡದಿಂದ ಬಲಕ್ಕೆ ಕೈ ಆಡಿಸಿ.

ಮಾವನವರು ಕನ್ನಡದವರು, "ಹೌದಲ್ಲ" ಎಂದರು. ಮಿಸ್ತ್ರಿ ಉರ್ದುವಿನವನು, ಗಡ್ಡ ಕೆರೆದುಕೊಂಡ. ಓಣಿಯಲ್ಲಿ ಅಕ್ಷರ ಬಲ್ಲವರು ಎರಡು ಪಂಗಡವಾಗಿ ಅರ್ಧ ಗಳಿಗೆ ವಾದ ಮಾಡಿದರು. ಬಾರದವರು ಅಳ್ಳು ತಿಂದರು.

"ಈಗ ನಾ ಹಾಕ್ತೀನಿ, ನೀ ಕೊಡು ಬೇಟಿ" ಎಂದ ಮಿಸ್ತ್ರಿ.

"ಯಾವ ಕಡಿಂದ ಚಾಚಾ?"

ಅವನು ತಿರುಗಿ ಸಾಲನ್ನು ನೋಡಿ ಬೆರಳಿನಿಂದ ತೋರಿಸಿದ. "ಈ ಕಡಿಂದ."

ತಿರುಗಿ ಬೆರಳು ತೋರಿಸಬಹುದೆಂಬುದು ನನಗೆ ಹೊಳೆದಿರಲಿಲ್ಲ. ಅವಳು ಕೊಟ್ಟಳು, ಅವನು ಹಾಕಿದ, ಉಂಗುರ ಟಿಕ್ಕೆಂದು ತುದಿಗೆ ಕೂತಿತು. ತಂತಿ ಬೇಕಾಗಲಿಲ್ಲ. ಗುಂಡಿ ಒತ್ತಿದ ಕೂಡಲೇ ಇಂಜಿನ್ನು ಎದ್ದಿತು. ಓಣಿಯವರು ಚಪ್ಪಾಳೆ ಹೊಡೆದರು. ಮಿಸ್ತ್ರಿಗೂ ಶಕುಂತಲಾಗೂ ಅತ್ತೆಯವರು ಉಂಡಿ ಕೊಟ್ಟರು. ನನಗೆ ಮೊದಲೇ ಕೊಟ್ಟಾಗಿತ್ತು.

ಜನ ಚದುರಿದ ಮೇಲೆ ನಾನು ಹೆಂಡತಿಯ ಹತ್ತಿರ ಹೋಗಿ, ಇದ್ದಷ್ಟು ಗತ್ತನ್ನು ಕೂಡಿಸಿಕೊಂಡು ಹೇಳಿದೆ: "ನಾ ಈಗ ಮೋಟಾರ್ ತಗೊಂಡು ಹೋಗ್ತೀನಿ. ಐದು ದಿನ ಬಿಟ್ಟು ಇದರಾಗೇ ಕರೀಲಿಕ್ಕೆ ಬರ್ತೀನಿ."

"ಬ್ಯಾಡ್ರಿ. ನೀವು ಬಸ್ಸಿಗೆ ಹೋಗ್ರಿ. ಬರುವಾಗೂ ಬಸ್ಸಿಗೇ ಬರ್ರಿ. ಮೋಟಾರ್ ಇಲ್ಲೇ ಇರ್ಲಿ. ಕೈ ಸುದ್ದ ಆದ ಮ್ಯಾಲ ಭಾವನವ್ರು ಬಂದು ಒಯ್ಯಲಿ."

"ಯಾಕ? ಈಗ ಮೋಟಾರಿಗೆ ಏನಾಗ್ಯದ?"

"ಏನೂ ಆಗಿಲ್ರಿ" ಎಂದಳು ಅವಳು. "ಹಿಂಗೇ ಇರ್ಲಿ ಅಂತ."

ಸಂಜೆಯ ಬಸ್ಸಿಗೆ ಕಲ್ಯಾಣಕ್ಕೆ ಹೊರಟೆ. ಡ್ರೈವರನ ಹಿಂದಿನ ಸೀಟೇ ಸಿಕ್ಕಿತು. ಮೋಟಾರಿನ ಬಗ್ಗೆ ದಾರಿಯುದ್ದಕ್ಕೂ ಅವನಿಗೆ ಒಂದು ಸಲಹೆಯನ್ನೂ ಕೊಡಲಿಲ್ಲ.